ಒಂದು ಊರು, ಹಲವು ನಕ್ಷೆ: ಸ್ಥಳೀಯ ಸಂಸ್ಥೆಗಳು ಭೂಮಾಹಿತಿ ಹಂಚಿಕೊಳ್ಳುವುದು ಏಕೆ, ಹೇಗೆ?

ಶಿರವಾಳ (ಯಾದಗಿರಿ ಜಿಲ್ಲೆ): ಶಹಾಪುರ ತಾಲ್ಲೂಕಿನ ಶಿರವಾಳ ಪ್ರಾಚೀನ ದೇವಾಲಯಗಳ ಸಮೂಹದಿಂದ ಇತಿಹಾಸಾಸಕ್ತರಿಗೆ ಪರಿಚಿತವಾದ ಗ್ರಾಮ. ಇಂಥ ಒಂದು ಊರಿನ ನಕ್ಷೆ ಎಲ್ಲಿ ಸಿಗುತ್ತದೆ ಎಂದು ಕೇಳಿದರೆ ಒಂದೇ ಉತ್ತರ ದೊರೆಯುವುದಿಲ್ಲ. ಹೊಲಗಳ ಗಡಿ ಭೂಮಾಪನ ಇಲಾಖೆಯ ಗ್ರಾಮ ನಕ್ಷೆಯಲ್ಲಿದೆ. ಆ ಹೊಲಗಳ ಒಡೆಯರ ಹೆಸರು ಕಂದಾಯ ಇಲಾಖೆಯ ಪಹಣಿಯಲ್ಲಿದೆ. ಮನೆಗಳ ಪಟ್ಟಿ ಗ್ರಾಮ ಪಂಚಾಯಿತಿಯಲ್ಲಿದೆ. ವಿದ್ಯುತ್ ಕಂಬಗಳ ಲೆಕ್ಕ ಜೆಸ್ಕಾಂ ಬಳಿ, ಕೃಷ್ಣಾ ಮೇಲ್ದಂಡೆ ಯೋಜನೆಯ ಕಾಲುವೆಗಳ ವಿವರ ಕೃಷ್ಣಾ ಭಾಗ್ಯ ಜಲ ನಿಗಮದ ಬಳಿ, ಸ್ಮಾರಕಗಳ ವಿವರ ಪುರಾತತ್ವ ಇಲಾಖೆಯ ಬಳಿ ಇರುತ್ತವೆ.

ನೆಲ ಒಂದೇ ಆದರೂ ಅದನ್ನು ನೋಡುವ ಕಚೇರಿಗಳು ಹಲವು. ಒಂದು ಕಚೇರಿಯ ಗೆರೆ ಮತ್ತೊಂದು ಕಚೇರಿಯ ಗೆರೆಗೆ ಹೊಂದದಿದ್ದರೆ ತೊಂದರೆ ಅನುಭವಿಸುವವನು ಸಾಮಾನ್ಯ ನಾಗರಿಕ. ಮನೆಯ ಮೇಲೆ ಸಾಲ ಪಡೆಯುವಾಗ, ನೆರೆ ಪರಿಹಾರಕ್ಕೆ ಅರ್ಜಿ ಹಾಕುವಾಗ, ಬೆಳೆ ವಿಮೆ ಕೇಳುವಾಗ ಈ ವ್ಯತ್ಯಾಸ ಬೆಳಕಿಗೆ ಬರುತ್ತದೆ. ಆದ್ದರಿಂದಲೇ ಸ್ಥಳೀಯ ಸಂಸ್ಥೆಗಳು ಹಾಗೂ ಇಲಾಖೆಗಳು ಒಂದೇ ಮೂಲ ನಕ್ಷೆಯನ್ನು ಹಂಚಿಕೊಳ್ಳಬೇಕೆಂಬ ಪ್ರಯತ್ನ ಕರ್ನಾಟಕದಲ್ಲಿ ಮೂರು ದಶಕಗಳಿಂದ ನಡೆದುಬಂದಿದೆ. ಆ ಪ್ರಯತ್ನದ ಸ್ಥೂಲ ಪರಿಚಯ ಇಲ್ಲಿದೆ.

ಪದರಗಳ ನಕ್ಷೆ

ಜಿಐಎಸ್ ಎಂದೇ ಪರಿಚಿತವಾಗಿರುವ ಭೌಗೋಳಿಕ ಮಾಹಿತಿ ವ್ಯವಸ್ಥೆಯನ್ನು ಅರ್ಥ ಮಾಡಿಕೊಳ್ಳುವುದು ಕಷ್ಟವೇನಲ್ಲ. ಪಾರದರ್ಶಕ ಹಾಳೆಗಳ ಒಂದು ಕಟ್ಟನ್ನು ಕಲ್ಪಿಸಿಕೊಳ್ಳಬಹುದು. ಒಂದು ಹಾಳೆಯಲ್ಲಿ ಸರ್ವೆ ನಂಬರುಗಳ ಗಡಿ, ಇನ್ನೊಂದರಲ್ಲಿ ರಸ್ತೆ, ಮತ್ತೊಂದರಲ್ಲಿ ಹಳ್ಳ ಮತ್ತು ಕೆರೆ, ಮಗದೊಂದರಲ್ಲಿ ಮನೆಗಳಿವೆ. ಎಲ್ಲ ಹಾಳೆಗಳೂ ಅಕ್ಷಾಂಶ–ರೇಖಾಂಶಗಳ ಒಂದೇ ಚೌಕಟ್ಟಿಗೆ ಹೊಂದಿಕೊಂಡಿದ್ದರೆ ಒಂದರ ಮೇಲೊಂದು ಇಟ್ಟು ನೋಡಬಹುದು. ಯಾವ ಮನೆ ಹಳ್ಳದ ಪಾತ್ರದಲ್ಲಿದೆ, ಯಾವ ರಸ್ತೆ ಯಾರ ಹೊಲವನ್ನು ಹಾಯುತ್ತದೆ ಎಂಬುದು ಆಗ ತಾನಾಗಿಯೇ ತಿಳಿಯುತ್ತದೆ.

ಒಬ್ಬೊಬ್ಬರು ಒಂದೊಂದು ಹಾಳೆಯನ್ನು ತಮ್ಮದೇ ಅಳತೆಯಲ್ಲಿ ಬರೆದಿಟ್ಟರೆ ಮಾತ್ರ ಹಾಳೆಗಳು ಕೂಡಿಕೊಳ್ಳುವುದಿಲ್ಲ. ನಕ್ಷೆ ಹಂಚಿಕೆಯ ಮೂಲ ಸಮಸ್ಯೆ ಇದೇ.

ಸರಪಳಿಯ ಕಾಲ

ರಾಜ್ಯದ ಗ್ರಾಮ ನಕ್ಷೆಗಳು ಸಾಮಾನ್ಯವಾಗಿ 1:7920 ಪ್ರಮಾಣದಲ್ಲಿವೆ. ಅಂದರೆ ಒಂದು ಮೈಲಿ ನೆಲಕ್ಕೆ ಕಾಗದದ ಮೇಲೆ ಎಂಟು ಅಂಗುಲ. ಈ ನಕ್ಷೆಗಳಿಗೆ ಆಧಾರವಾದದ್ದು ಭೂಮಾಪಕರ ಸರಪಳಿ. 33 ಅಡಿ ಉದ್ದದ ಸರಪಳಿಯನ್ನು 16 ಆಣೆಗಳಾಗಿ ವಿಂಗಡಿಸಿ, ಪ್ರತಿ ಹೊಲದ ಅಳತೆಯನ್ನು ಟಿಪ್ಪಣಿಯಲ್ಲಿ ದಾಖಲಿಸಲಾಗುತ್ತಿತ್ತು. 33 ಅಡಿ ಚೌಕಕ್ಕೆ ಒಂದು ಗುಂಟೆ, 40 ಗುಂಟೆಗೆ ಒಂದು ಎಕರೆ ಎಂಬ ಲೆಕ್ಕ ಇಂದಿಗೂ ಬಳಕೆಯಲ್ಲಿದೆ.

ಈ ಭಾಗದ ದಾಖಲೆಗಳಿಗೆ ಇನ್ನೊಂದು ವಿಶೇಷವಿದೆ. 1857–58ರ ಬಂಡಾಯದ ನಂತರ ಸುರಪುರ ಸಂಸ್ಥಾನ ಬ್ರಿಟಿಷರ ವಶವಾಗಿ, 1860ರಲ್ಲಿ ಹೈದರಾಬಾದ್ ನಿಜಾಮರ ಆಡಳಿತಕ್ಕೆ ಸೇರಿತು. 1948ರಲ್ಲಿ ಹೈದರಾಬಾದ್ ಸಂಸ್ಥಾನ ಭಾರತದಲ್ಲಿ ವಿಲೀನವಾಯಿತು. 1956ರಲ್ಲಿ ಈ ಪ್ರದೇಶ ಅಂದಿನ ಮೈಸೂರು ರಾಜ್ಯದ ಭಾಗವಾಯಿತು. ಹೀಗಾಗಿ ಹಳೆಯ ಕಂದಾಯ ದಾಖಲೆಗಳಲ್ಲಿ ಉರ್ದು ಭಾಷೆಯವೂ ಇವೆ. ಹಳೆಯ ಗಡಿ ತಕರಾರು ಬಗೆಹರಿಸಬೇಕಾದರೆ ನೆಲವನ್ನು ಅಳೆಯುವುದರ ಜೊತೆಗೆ ಹಳೆಯ ಲಿಪಿಯನ್ನೂ ಓದಬೇಕಾಗುತ್ತದೆ.

ಜಿಲ್ಲಾ ಪಂಚಾಯಿತಿಗಳಲ್ಲಿ ಮೊದಲ ಹೆಜ್ಜೆ

ಕೇಂದ್ರ ಸರ್ಕಾರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆ 1982ರಲ್ಲಿ ನೈಸರ್ಗಿಕ ಸಂಪನ್ಮೂಲ ದತ್ತಾಂಶ ನಿರ್ವಹಣಾ ವ್ಯವಸ್ಥೆ ಎಂಬ ಕಾರ್ಯಕ್ರಮವನ್ನು ಆರಂಭಿಸಿತು. ಜಿಲ್ಲಾ ಮಟ್ಟದ ಯೋಜನೆಗೆ ನಕ್ಷೆ ಮತ್ತು ಅಂಕಿಅಂಶಗಳನ್ನು ಒಂದೆಡೆ ತರುವುದು ಇದರ ಉದ್ದೇಶ. ಕರ್ನಾಟಕದಲ್ಲಿ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿಯ ಮೂಲಕ ಜಿಲ್ಲಾ ಪಂಚಾಯಿತಿಗಳಲ್ಲಿ ಇದರ ಕೇಂದ್ರಗಳು ಸ್ಥಾಪನೆಯಾದವು. ಕೊಳವೆಬಾವಿ, ಶಾಲೆ, ರಸ್ತೆ, ಆರೋಗ್ಯ ಕೇಂದ್ರ ಎಲ್ಲಿವೆ, ಎಲ್ಲಿ ಇಲ್ಲ ಎಂಬುದನ್ನು ನಕ್ಷೆಯ ಮೇಲೆ ತೋರಿಸುವ ಕೆಲಸವನ್ನು ಇವು ಮಾಡಿದವು.

1986ರಲ್ಲಿ ಬೆಂಗಳೂರಿನಲ್ಲಿ ಕರ್ನಾಟಕ ರಾಜ್ಯ ದೂರ ಸಂವೇದಿ ಅನ್ವಯಿಕ ಕೇಂದ್ರ ಸ್ಥಾಪನೆಯಾಯಿತು. ಉಪಗ್ರಹ ಚಿತ್ರಗಳನ್ನು ಆಡಳಿತದ ಬಳಕೆಗೆ ಒದಗಿಸುವ ಈ ಸಂಸ್ಥೆಯೇ ಮುಂದೆ ರಾಜ್ಯದ ಸಾಮಾನ್ಯ ನಕ್ಷಾ ವ್ಯವಸ್ಥೆಯ ಕೇಂದ್ರಬಿಂದುವಾಯಿತು.

ನಗರಗಳಿಗೆ ಒಂದೇ ತಂತ್ರಾಂಶ

ನಗರ ಸ್ಥಳೀಯ ಸಂಸ್ಥೆಗಳ ಮಟ್ಟಿಗೆ ಮಹತ್ವದ ಘಟ್ಟ ನಿರ್ಮಲ ನಗರ ಯೋಜನೆ. 2000ದ ದಶಕದ ಮಧ್ಯದಲ್ಲಿ ಮೊದಲ ಹಂತವಾಗಿ ರಾಜ್ಯದ 57 ನಗರ, ಪಟ್ಟಣಗಳಲ್ಲಿ ಇದು ಜಾರಿಗೆ ಬಂದಿತು. 2003ರಲ್ಲಿ ಸ್ಥಾಪನೆಯಾದ ಇ-ಗವರ್ನಮೆಂಟ್ಸ್ ಫೌಂಡೇಷನ್ ತಾಂತ್ರಿಕ ನೆರವು ನೀಡಿತು. ಆಸ್ತಿ ತೆರಿಗೆ, ಜನನ–ಮರಣ ನೋಂದಣಿ, ಲೆಕ್ಕಪತ್ರ, ಸಾರ್ವಜನಿಕ ಕುಂದುಕೊರತೆ ಇವೆಲ್ಲಕ್ಕೂ ಎಲ್ಲ ಸಂಸ್ಥೆಗಳೂ ಒಂದೇ ಬಗೆಯ ತಂತ್ರಾಂಶ ಬಳಸುವುದು ಇದರ ತಿರುಳು.

ಆಸ್ತಿ ತೆರಿಗೆ ವಿಭಾಗದಲ್ಲಿ ನಕ್ಷೆಗೆ ಪ್ರಮುಖ ಸ್ಥಾನ ದೊರೆಯಿತು. ಬೀದಿಗಳನ್ನು ಗುರುತಿಸಿ, ಪ್ರತಿ ಕಟ್ಟಡ ಹಾಗೂ ನಿವೇಶನಕ್ಕೆ ವಾರ್ಡ್, ಬೀದಿ, ಆಸ್ತಿಯ ಕ್ರಮದಲ್ಲಿ ಒಂದು ಗುರುತಿನ ಸಂಖ್ಯೆ ನೀಡಲಾಯಿತು. ಬೆಂಗಳೂರು ಹೊರತುಪಡಿಸಿದ ನಗರ ಸ್ಥಳೀಯ ಸಂಸ್ಥೆಗಳಲ್ಲಿ 2002ರಿಂದ ಸ್ವಯಂ ಘೋಷಿತ ತೆರಿಗೆ ಪದ್ಧತಿ ಜಾರಿಯಲ್ಲಿತ್ತು. ಮಾಲೀಕರು ತಾವೇ ಲೆಕ್ಕ ಹಾಕಿ ತೆರಿಗೆ ಕಟ್ಟುವ ಪದ್ಧತಿಯಲ್ಲಿ ಯಾವ ಆಸ್ತಿ ಪಟ್ಟಿಯಿಂದ ಹೊರಗುಳಿದಿದೆ ಎಂಬುದನ್ನು ಕಂಡುಹಿಡಿಯಲು ನಕ್ಷೆ ನೆರವಾಗುತ್ತದೆ. ನಕ್ಷೆಯಲ್ಲಿ ಕಟ್ಟಡವಿದ್ದು ತೆರಿಗೆ ಪಟ್ಟಿಯಲ್ಲಿ ಸಂಖ್ಯೆ ಇಲ್ಲದಿದ್ದರೆ ಸಿಬ್ಬಂದಿ ಸ್ಥಳಕ್ಕೆ ತೆರಳಿ ಪರಿಶೀಲಿಸಬಹುದು.

ಒಂದು ಪುರಸಭೆ ತನ್ನ ಪಾಡಿಗೆ ತಾನು ತಂತ್ರಾಂಶ ಕೊಳ್ಳುವುದು, ತಜ್ಞರನ್ನು ನೇಮಿಸುವುದು ಸಣ್ಣ ಪಟ್ಟಣಗಳಿಗೆ ನಿಲುಕುವ ಮಾತಲ್ಲ. ವೆಚ್ಚವನ್ನೂ ತಜ್ಞತೆಯನ್ನೂ ಹಂಚಿಕೊಂಡದ್ದೇ ಈ ಯೋಜನೆಯ ಮುಖ್ಯ ಲಾಭ.

ಅಕ್ಷರಕ್ಕೆ ಸಿಕ್ಕಿದ್ದು ಗೆರೆಗೆ ಸಿಗಲಿಲ್ಲ

ಗ್ರಾಮೀಣ ಪ್ರದೇಶದಲ್ಲಿ ಮೊದಲು ಗಣಕೀಕರಣಗೊಂಡದ್ದು ಪಹಣಿ. ‘ಭೂಮಿ’ ಯೋಜನೆಯಡಿ ಸುಮಾರು 67 ಲಕ್ಷ ಭೂಮಾಲೀಕರ ಎರಡು ಕೋಟಿಯಷ್ಟು ಪಹಣಿಗಳು 2002ರ ವೇಳೆಗೆ ಗಣಕಯಂತ್ರ ಸೇರಿದವು. ಆದರೆ ಪಹಣಿಯಲ್ಲಿರುವುದು ಹೆಸರು, ವಿಸ್ತೀರ್ಣ ಮತ್ತು ಹಕ್ಕಿನ ವಿವರ. ಹೊಲದ ಆಕಾರ ಮತ್ತು ಸ್ಥಾನ ಭೂಮಾಪನ ಇಲಾಖೆಯ ಕಾಗದದಲ್ಲಿಯೇ ಉಳಿಯಿತು. ಸರ್ವೆ ನಂಬರಿನ ಒಂದು ಭಾಗವನ್ನು ಮಾರುವವರು 11-ಇ ನಕ್ಷೆ ಪಡೆಯಬೇಕೆಂಬ ನಿಯಮ ಹಾಗೂ ಅದನ್ನು ನಿರ್ವಹಿಸುವ ‘ಮೋಜಿಣಿ’ ತಂತ್ರಾಂಶ ಈ ಅಂತರವನ್ನು ಕಡಿಮೆ ಮಾಡಲು ಬಂದ ಕ್ರಮಗಳು.

ಗ್ರಾಮ ಪಂಚಾಯಿತಿ ವ್ಯಾಪ್ತಿಯ ಕೃಷಿಯೇತರ ಆಸ್ತಿಗಳಿಗಾಗಿ 2013ರಲ್ಲಿ ‘ಇ-ಸ್ವತ್ತು’ ಜಾರಿಗೆ ಬಂದಿತು. ನಮೂನೆ 9 ಮತ್ತು 11 ಇದರ ಮೂಲಕವೇ ದೊರೆಯುತ್ತವೆ. ಗ್ರಾಮಠಾಣಾ ಆಸ್ತಿಗಳ ನಕ್ಷೆಗಾಗಿ ಇದನ್ನು ಮೋಜಿಣಿಯೊಂದಿಗೂ, ನೋಂದಣಿಗಾಗಿ ನೋಂದಣಿ ಇಲಾಖೆಯ ‘ಕಾವೇರಿ’ಯೊಂದಿಗೂ ಬೆಸೆಯಲಾಯಿತು. ಪಂಚಾಯಿತಿ, ಭೂಮಾಪನ, ನೋಂದಣಿ ಎಂಬ ಮೂರು ಕಚೇರಿಗಳು ಒಂದೇ ಆಸ್ತಿಯ ಬಗ್ಗೆ ಒಂದೇ ದಾಖಲೆಯನ್ನು ನೋಡುವಂತಾದದ್ದು ಇದರ ಫಲ.

ಕೆ-ಜಿಐಎಸ್ ಮತ್ತು ದಿಶಾಂಕ್

ಇಲಾಖೆಗಳ ಚದುರಿದ ನಕ್ಷೆಗಳನ್ನು ಒಂದೇ ಸೂರಿನಡಿ ತರಲು ರೂಪುಗೊಂಡ ವ್ಯವಸ್ಥೆ ಕೆ-ಜಿಐಎಸ್, ಅಂದರೆ ಕರ್ನಾಟಕ ಭೌಗೋಳಿಕ ಮಾಹಿತಿ ವ್ಯವಸ್ಥೆ. ದೂರ ಸಂವೇದಿ ಕೇಂದ್ರ ಇದನ್ನು ನಿರ್ವಹಿಸುತ್ತದೆ. ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮಗಳ ಗಡಿಯಿಂದ ಹಿಡಿದು ರಸ್ತೆ, ಕೆರೆ, ಸಾರ್ವಜನಿಕ ಸೌಲಭ್ಯಗಳವರೆಗೆ ನಾನಾ ಪದರಗಳು ಇದರಲ್ಲಿವೆ. ಪ್ರತಿ ಇಲಾಖೆ ಪ್ರತ್ಯೇಕ ಮೂಲ ನಕ್ಷೆ ಮಾಡಿಸುವ ಬದಲು ಇದನ್ನೇ ಆಧಾರವಾಗಿ ಬಳಸಿ, ತನ್ನ ಪದರವನ್ನು ಸೇರಿಸಬೇಕೆಂಬುದು ಆಶಯ.

ಜನಸಾಮಾನ್ಯರಿಗೆ ಇದರ ಪರಿಚಯವಾದದ್ದು 2018ರಲ್ಲಿ ಬಂದ ‘ದಿಶಾಂಕ್’ ಮೊಬೈಲ್ ಆ್ಯಪ್ ಮೂಲಕ. ಒಂದು ಜಾಗದಲ್ಲಿ ನಿಂತು ಆ್ಯಪ್ ತೆರೆದರೆ ಆ ಜಾಗದ ಸರ್ವೆ ನಂಬರ್ ತಿಳಿಯುತ್ತದೆ. ಕೆರೆ, ಗೋಮಾಳ, ಖರಾಬು ಜಮೀನನ್ನು ಅರಿಯದೆ ಕೊಳ್ಳುವವರಿಗೆ ಇದೊಂದು ಮುನ್ನೆಚ್ಚರಿಕೆ. ಆದರೆ ದಿಶಾಂಕ್ ತೋರಿಸುವುದು ಅಂದಾಜು ಸ್ಥಾನ ಎಂಬುದನ್ನು ಮರೆಯಬಾರದು. ಗಡಿ ತಕರಾರಿನಲ್ಲಿ ಮಾನ್ಯವಾಗುವುದು ಭೂಮಾಪಕರ ಅಳತೆಯೇ.

ಸುಣ್ಣದ ಗೆರೆ, ಡ್ರೋನ್ ಕಣ್ಣು

ಊರೊಳಗಿನ ಮನೆಗಳ ನಕ್ಷೆ ಮಾತ್ರ ಬಹುಕಾಲ ಖಾಲಿಯಾಗಿಯೇ ಇತ್ತು. ಗ್ರಾಮ ನಕ್ಷೆಯಲ್ಲಿ ಹೊಲಗಳಿಗೆ ಪ್ರತ್ಯೇಕ ಗೆರೆಗಳಿವೆ. ಗ್ರಾಮಠಾಣಾ ಎಂಬುದು ಒಂದೇ ಮುದ್ದೆಯಾಗಿ ಕಾಣುತ್ತದೆ. ಈ ಕೊರತೆ ನೀಗಲು 2020ರ ಏಪ್ರಿಲ್ 24ರಂದು ಕೇಂದ್ರ ಸರ್ಕಾರ ‘ಸ್ವಾಮಿತ್ವ’ ಯೋಜನೆಯನ್ನು ಪ್ರಕಟಿಸಿತು. ಪ್ರಾಯೋಗಿಕ ಹಂತಕ್ಕೆ ಆಯ್ಕೆಯಾದ ರಾಜ್ಯಗಳಲ್ಲಿ ಕರ್ನಾಟಕವೂ ಒಂದು.

ಈ ಯೋಜನೆಯ ಕ್ರಮ ಸಹಕಾರದ ಉತ್ತಮ ಉದಾಹರಣೆ. ಮೊದಲು ಗ್ರಾಮಸಭೆಯಲ್ಲಿ ಜನರಿಗೆ ಮಾಹಿತಿ ನೀಡಲಾಗುತ್ತದೆ. ಮಾಲೀಕರ ಸಮ್ಮುಖದಲ್ಲಿ ಪಂಚಾಯಿತಿ ಹಾಗೂ ಭೂಮಾಪನ ಸಿಬ್ಬಂದಿ ಆಸ್ತಿಯ ಗಡಿಗೆ ಸುಣ್ಣದ ಗೆರೆ ಎಳೆಯುತ್ತಾರೆ. ನಂತರ ಭಾರತೀಯ ಸರ್ವೇಕ್ಷಣ ಇಲಾಖೆಯ ಡ್ರೋನ್ ಹಾರಿ ಚಿತ್ರ ತೆಗೆಯುತ್ತದೆ. ಅದರಿಂದ 1:500 ಪ್ರಮಾಣದ ನಕ್ಷೆ ಸಿದ್ಧವಾಗುತ್ತದೆ. ಆಕ್ಷೇಪಣೆಗಳನ್ನು ಆಲಿಸಿದ ಬಳಿಕ ಆಸ್ತಿ ಕಾರ್ಡ್ ನೀಡಲಾಗುತ್ತದೆ. ಡ್ರೋನ್ ಚಿತ್ರ ಎಷ್ಟೇ ಸ್ಪಷ್ಟವಾಗಿದ್ದರೂ ಗೋಡೆ ಯಾರದೆಂದು ಅದು ಹೇಳಲಾರದು. ಅದನ್ನು ಹೇಳುವುದು ನೆರೆಹೊರೆಯವರ ಒಪ್ಪಿಗೆ ಮತ್ತು ಪಂಚಾಯಿತಿಯ ದಾಖಲೆ.

ನಗರಗಳಿಗಾಗಿ ಇಂಥದೇ ‘ನಕ್ಷಾ’ ಎಂಬ ಪ್ರಾಯೋಗಿಕ ಕಾರ್ಯಕ್ರಮ 2025ರ ಫೆಬ್ರುವರಿಯಲ್ಲಿ ದೇಶದ 152 ನಗರ ಸ್ಥಳೀಯ ಸಂಸ್ಥೆಗಳಲ್ಲಿ ಆರಂಭವಾಯಿತು.

ಗಡಿ ಬದಲಾದರೆ?

ನಕ್ಷೆ ಹಂಚಿಕೆಯ ನಿಜವಾದ ಪರೀಕ್ಷೆ ನಡೆಯುವುದು ಗಡಿಗಳು ಬದಲಾದಾಗ. ಇದಕ್ಕೆ ಯಾದಗಿರಿ ಜಿಲ್ಲೆಯೇ ನಿದರ್ಶನ. 2010ರವರೆಗೆ ಶಿರವಾಳದ ದಾಖಲೆಗಳಲ್ಲಿ ಜಿಲ್ಲೆಯ ಹೆಸರು ಗುಲ್ಬರ್ಗ. ಆ ವರ್ಷ ಯಾದಗಿರಿ, ಶಹಾಪುರ, ಸುರಪುರ ತಾಲ್ಲೂಕುಗಳನ್ನು ಒಳಗೊಂಡ ರಾಜ್ಯದ 30ನೇ ಜಿಲ್ಲೆ ಅಸ್ತಿತ್ವಕ್ಕೆ ಬಂದಿತು. 2014ರಲ್ಲಿ ಗುಲ್ಬರ್ಗ ಕಲಬುರಗಿಯಾಯಿತು. 2018ರಲ್ಲಿ ವಡಗೇರಾ, ಹುಣಸಗಿ, ಗುರುಮಠಕಲ್ ಹೊಸ ತಾಲ್ಲೂಕುಗಳಾದವು. ಗ್ರಾಮ ಪಂಚಾಯಿತಿಗಳಾಗಿದ್ದ ಕೆಂಭಾವಿ, ಕಕ್ಕೇರಾ ಪುರಸಭೆಗಳಾದವು.

ಇಂಥ ಪ್ರತಿ ಬದಲಾವಣೆಯೂ ಎಲ್ಲ ಇಲಾಖೆಗಳ ನಕ್ಷೆಯಲ್ಲಿ ಏಕಕಾಲಕ್ಕೆ ಮೂಡಬೇಕು. ಒಂದು ಇಲಾಖೆ ಹಳೆಯ ತಾಲ್ಲೂಕನ್ನೇ ಉಳಿಸಿಕೊಂಡರೆ ಆ ಊರಿನ ಅರ್ಜಿ ಬೇರೆ ಕಚೇರಿಯ ಕಡತಕ್ಕೆ ಹೋಗಿ ಸೇರುತ್ತದೆ. ಗ್ರಾಮ ಪಂಚಾಯಿತಿ ಪುರಸಭೆಯಾದಾಗ ಆಸ್ತಿಯ ದಾಖಲೆ ಪಂಚಾಯಿತಿ ತಂತ್ರಾಂಶದಿಂದ ನಗರಾಡಳಿತದ ತಂತ್ರಾಂಶಕ್ಕೆ ವರ್ಗವಾಗಬೇಕು. ಆ ನಡುವಿನ ಅವಧಿಯಲ್ಲಿ ಖಾತೆ ಬದಲಾವಣೆ ಬಯಸುವವರು ಎರಡೂ ಕಡೆ ಅಲೆಯಬೇಕಾಗುತ್ತದೆ.

ಹೆಸರಿನ ಗೊಂದಲವೂ ಸಣ್ಣದಲ್ಲ. ಸುರಪುರವನ್ನು ಶೋರಾಪುರ ಎಂದೂ, ಯಾದಗಿರಿಯನ್ನು ಯಾದಗಿರ್ ಎಂದೂ ಬರೆಯುವ ದಾಖಲೆಗಳಿವೆ. ಮಹಾರಾಷ್ಟ್ರದ ಸಾತಾರಾ ಜಿಲ್ಲೆಯಲ್ಲಿ ಶಿರವಳ ಎಂಬ ಪಟ್ಟಣವಿದ್ದು, ರೋಮನ್ ಲಿಪಿಯಲ್ಲಿ ಅದರ ಹೆಸರನ್ನೂ ಶಿರವಾಳದ ಹೆಸರನ್ನೂ ಪ್ರತ್ಯೇಕಿಸುವುದು ಸುಲಭವಲ್ಲ. ಆದ್ದರಿಂದ ನಕ್ಷೆಗಳು ಹೆಸರನ್ನು ನಂಬುವುದಿಲ್ಲ, ಸಂಖ್ಯೆಯನ್ನು ನಂಬುತ್ತವೆ. ಕೇಂದ್ರ ಪಂಚಾಯತ್ ರಾಜ್ ಸಚಿವಾಲಯದ ಸ್ಥಳೀಯ ಸರ್ಕಾರಗಳ ಡೈರೆಕ್ಟರಿ ದೇಶದ ಪ್ರತಿ ಗ್ರಾಮ, ಪಂಚಾಯಿತಿ, ನಗರ ಸಂಸ್ಥೆಗೆ ಒಂದು ವಿಶಿಷ್ಟ ಸಂಖ್ಯೆ ನೀಡಿದೆ. ಜಮೀನಿನ ಪ್ರತಿ ತುಂಡಿಗೆ 14 ಅಂಕಿಗಳ ‘ಭೂ-ಆಧಾರ್’ ಸಂಖ್ಯೆ ನೀಡುವ ಯೋಜನೆ 2021ರಲ್ಲಿ ಆರಂಭವಾಯಿತು. 2027ರ ಜನಗಣತಿಯ ಪೂರ್ವಸಿದ್ಧತೆಯಾಗಿ ಆಡಳಿತ ಗಡಿಗಳನ್ನು 2025ರ ಡಿಸೆಂಬರ್ 31ರೊಳಗೆ ಅಂತಿಮಗೊಳಿಸುವಂತೆ ರಾಜ್ಯಗಳಿಗೆ ಸೂಚಿಸಿದ್ದೂ ಇದೇ ಕಾರಣಕ್ಕೆ. ಎಣಿಕೆಯ ನಡುವೆ ಗಡಿ ಸರಿದರೆ ಒಂದೇ ಮನೆ ಎರಡು ಕಡೆ ಸೇರುವ ಅಥವಾ ಎಲ್ಲೂ ಸೇರದಿರುವ ಅಪಾಯವಿರುತ್ತದೆ.

ನೀರಿಗೆ ಗಡಿಯಿಲ್ಲ

ಕೃಷ್ಣಾ ಮತ್ತು ಭೀಮಾ ಎರಡೂ ನದಿಗಳು ಹರಿಯುವ ಈ ಜಿಲ್ಲೆಗೆ ನಕ್ಷೆ ಹಂಚಿಕೆ ಪ್ರಾಣದ ಪ್ರಶ್ನೆಯೂ ಹೌದು. ಮಹಾರಾಷ್ಟ್ರದ ಉಜನಿ ಜಲಾಶಯದಿಂದ ಬಿಟ್ಟ ನೀರು ಕಲಬುರಗಿ ಜಿಲ್ಲೆಯ ಸೊನ್ನ ಬ್ಯಾರೇಜ್ ದಾಟಿ ಯಾದಗಿರಿ ಜಿಲ್ಲೆಗೆ ಬರುತ್ತದೆ. 2020ರ ಅಕ್ಟೋಬರ್‌ನಲ್ಲಿ ಭೀಮಾ ಪ್ರವಾಹ ಎರಡೂ ಜಿಲ್ಲೆಗಳ ದಂಡೆಯ ಗ್ರಾಮಗಳನ್ನು ಬಾಧಿಸಿತು. ಅತ್ತ ಕೃಷ್ಣಾ ನದಿಯಲ್ಲಿ ನಾರಾಯಣಪುರದ ಬಸವಸಾಗರದಿಂದ ಹೆಚ್ಚು ನೀರು ಹರಿದಾಗ ನಡುಗಡ್ಡೆಯಾದ ನೀಲಕಂಠರಾಯನಗಡ್ಡಿಯ ಜನ ಹೊರಜಗತ್ತಿನ ಸಂಪರ್ಕ ಕಳೆದುಕೊಳ್ಳುತ್ತಾರೆ.

ಇಷ್ಟು ಪ್ರಮಾಣದ ನೀರು ಬಿಟ್ಟರೆ ಎಷ್ಟು ಮನೆಗಳಿಗೆ ನುಗ್ಗುತ್ತದೆ ಎಂಬುದನ್ನು ಮೊದಲೇ ಹೇಳಬೇಕಾದರೆ ನೀರಾವರಿ ನಿಗಮದ ಹರಿವಿನ ಲೆಕ್ಕ, ಭೂಮಿಯ ಎತ್ತರದ ಪದರ, ಪಂಚಾಯಿತಿಯ ಮನೆ ಪಟ್ಟಿ ಮೂರೂ ಒಂದೇ ನಕ್ಷೆಯ ಮೇಲೆ ಕೂಡಬೇಕು. ಎರಡು ಜಿಲ್ಲೆಗಳ, ಎರಡು ರಾಜ್ಯಗಳ ನಕ್ಷೆಗಳು ನದಿಯ ದಂಡೆಯಲ್ಲಿ ಒಂದಕ್ಕೊಂದು ತಾಳೆಯಾಗಬೇಕು. ಪರಿಹಾರ ವಿತರಣೆಯ ಹಂತದಲ್ಲಿಯೂ ಅಷ್ಟೇ. ಮನೆ ನಕ್ಷೆಯಲ್ಲಿದ್ದರೆ ನಷ್ಟಕ್ಕೆ ಸಾಕ್ಷಿ ದೊರೆಯುತ್ತದೆ.

ಬೆಳೆ ಸಮೀಕ್ಷೆ ಇನ್ನೊಂದು ಉದಾಹರಣೆ. ರಾಜ್ಯದಲ್ಲಿ 2017ರಿಂದ ಮೊಬೈಲ್ ಆ್ಯಪ್ ಮೂಲಕ ಸಮೀಕ್ಷೆ ನಡೆಯುತ್ತಿದ್ದು, 2020ರಿಂದ ರೈತರೇ ತಮ್ಮ ಹೊಲದ ಬೆಳೆಯ ಚಿತ್ರ ಸೇರಿಸುವ ಅವಕಾಶವಿದೆ. ಬೆಳೆ ವಿಮೆ, ಬೆಳೆ ಪರಿಹಾರ, ಬೆಂಬಲ ಬೆಲೆ ಖರೀದಿಗಳಿಗೆ ಈ ಮಾಹಿತಿ ಬಳಕೆಯಾಗುತ್ತದೆ. ಗ್ರಾಮ ನಕ್ಷೆಯ ಗೆರೆ ಕೆಲವು ಮೀಟರ್ ಸರಿದಿದ್ದರೂ ತನ್ನ ತೊಗರಿ ಹೊಲದಲ್ಲಿ ನಿಂತ ರೈತ ಪಕ್ಕದವರ ಸರ್ವೆ ನಂಬರಿನಲ್ಲಿ ನಿಂತಂತೆ ಮೊಬೈಲ್ ತೋರಿಸಬಹುದು.

ಹೊರದೇಶಗಳ ಪಾಠ

ಬ್ರಿಟನ್ನಿನಲ್ಲಿ ಪ್ರತಿ ಸ್ಥಳೀಯ ಸಂಸ್ಥೆ ತನ್ನ ವ್ಯಾಪ್ತಿಯ ವಿಳಾಸಗಳ ಪಟ್ಟಿಯನ್ನು ತಾನೇ ನಿರ್ವಹಿಸುತ್ತದೆ. ಪ್ರತಿ ಆಸ್ತಿಗೆ ಒಂದು ವಿಶಿಷ್ಟ ಸಂಖ್ಯೆಯಿದೆ. ಈ ಪಟ್ಟಿಗಳನ್ನು ಒಗ್ಗೂಡಿಸಲು ಸ್ಥಳೀಯ ಸರ್ಕಾರಗಳ ಒಕ್ಕೂಟ ಮತ್ತು ಅಲ್ಲಿನ ಸರ್ವೆ ಸಂಸ್ಥೆಯಾದ ಆರ್ಡ್‌ನೆನ್ಸ್ ಸರ್ವೆ ಸೇರಿ 2011ರಲ್ಲಿ ಜಿಯೋಪ್ಲೇಸ್ ಎಂಬ ಜಂಟಿ ಸಂಸ್ಥೆ ಸ್ಥಾಪಿಸಿದವು. 2020ರಲ್ಲಿ ಆ ಸಂಖ್ಯೆಗಳು ಸಾರ್ವಜನಿಕರ ಮುಕ್ತ ಬಳಕೆಗೆ ದೊರೆತವು.

ಡೆನ್ಮಾರ್ಕ್ 2002ರಲ್ಲಿಯೇ ಅಧಿಕೃತ ವಿಳಾಸಗಳ ದತ್ತಾಂಶವನ್ನು ಉಚಿತಗೊಳಿಸಿತು. 2005ರಿಂದ 2009ರವರೆಗಿನ ಅವಧಿಯಲ್ಲಿ ಇದರಿಂದಾದ ನೇರ ಲಾಭ ಸುಮಾರು 6.2 ಕೋಟಿ ಯೂರೋ, ವೆಚ್ಚ ಸುಮಾರು 20 ಲಕ್ಷ ಯೂರೋ ಎಂದು ಅಲ್ಲಿನ ಸರ್ಕಾರಿ ಅಧ್ಯಯನ ಅಂದಾಜಿಸಿತ್ತು. ಎರಡೂ ದೇಶಗಳಲ್ಲಿ ಮಾಹಿತಿ ಹುಟ್ಟುವುದು ಸ್ಥಳೀಯ ಸಂಸ್ಥೆಯಲ್ಲಿ. ಹೊಸ ಬೀದಿಗೆ ಹೆಸರಿಡುವ ಕಚೇರಿಯೇ ಅದನ್ನು ನಕ್ಷೆಗೂ ಸೇರಿಸುತ್ತದೆ.

ಭಾರತದಲ್ಲಿಯೂ ನೀತಿ ಸಡಿಲಗೊಂಡಿದೆ. 2021ರ ಫೆಬ್ರುವರಿಯ ಮಾರ್ಗಸೂಚಿ ನಕ್ಷೆ ತಯಾರಿಕೆಯ ಮೇಲಿದ್ದ ಪೂರ್ವಾನುಮತಿಯ ನಿರ್ಬಂಧಗಳನ್ನು ಬಹುಮಟ್ಟಿಗೆ ತೆಗೆದುಹಾಕಿತು. 2022ರ ಡಿಸೆಂಬರ್‌ನಲ್ಲಿ ರಾಷ್ಟ್ರೀಯ ಭೂಪ್ರಾದೇಶಿಕ ನೀತಿ ಪ್ರಕಟವಾಯಿತು.

ನಕ್ಷೆ ನವೀಕರಿಸುವವರು ಯಾರು?

ಮೂರು ದಶಕಗಳ ಅನುಭವ ಒಂದು ಅಂಶವನ್ನು ಸ್ಪಷ್ಟಪಡಿಸುತ್ತದೆ. ನಕ್ಷೆ ತಯಾರಿಸಲು ಯೋಜನೆ, ಅನುದಾನ, ತಂತ್ರಜ್ಞಾನ ದೊರೆಯುತ್ತವೆ. ತಯಾರಾದ ನಕ್ಷೆಯನ್ನು ದಿನದಿನವೂ ನವೀಕರಿಸುವ ಹೊಣೆ ಮಾತ್ರ ಯಾರ ಪಾಲಿಗೂ ಸರಿಯಾಗಿ ಬರುವುದಿಲ್ಲ. ಸಮೀಕ್ಷೆ ಮುಗಿದ ಮರುದಿನವೇ ಊರಿನಲ್ಲಿ ಒಂದು ಮನೆ ಬೀಳುತ್ತದೆ, ಇನ್ನೊಂದು ಏಳುತ್ತದೆ, ಅಣ್ಣತಮ್ಮಂದಿರು ಹೊಲ ಪಾಲು ಮಾಡಿಕೊಳ್ಳುತ್ತಾರೆ. ಇವು ಮೊದಲು ತಿಳಿಯುವುದು ಗ್ರಾಮ ಪಂಚಾಯಿತಿಗೆ ಮತ್ತು ಗ್ರಾಮ ಆಡಳಿತ ಅಧಿಕಾರಿಗೆ. ಕಟ್ಟಡ ಪರವಾನಗಿ, ಖಾತೆ ಬದಲಾವಣೆ, ನೀರಿನ ಸಂಪರ್ಕ ನೀಡುವ ಹಂತದಲ್ಲಿಯೇ ನಕ್ಷೆಯೂ ಬದಲಾಗುವ ಏರ್ಪಾಡಿದ್ದರೆ ಮಾತ್ರ ರಾಜ್ಯ ಮಟ್ಟದ ಹಂಚಿಕೆಗೆ ಅರ್ಥ ಬರುತ್ತದೆ. ರಾಜ್ಯದಲ್ಲಿರುವ ಸುಮಾರು ಆರು ಸಾವಿರ ಗ್ರಾಮ ಪಂಚಾಯಿತಿಗಳಲ್ಲಿ ಈ ಕೆಲಸ ಬಲ್ಲ ಸಿಬ್ಬಂದಿ ಬೇಕು.

2011ರ ಜನಗಣತಿಯಂತೆ ಯಾದಗಿರಿ ಜಿಲ್ಲೆಯ ಸಾಕ್ಷರತೆ ಶೇ 51.83. ಇದು ರಾಜ್ಯದಲ್ಲಿಯೇ ಕನಿಷ್ಠ. ಪರದೆಯ ಮೇಲಿನ ನಕ್ಷೆಯನ್ನು ಓದಲಾಗದ ನಾಗರಿಕನಿಗೆ ಅದರಲ್ಲಿನ ತಪ್ಪು ತಿಳಿಯುವುದೇ ಇಲ್ಲ. ಹಾಗಾಗಿ ನಕ್ಷೆಯನ್ನು ಗ್ರಾಮಸಭೆಯಲ್ಲಿ ಹರಡಿ, ಓದಿ ಹೇಳಿ, ಆಕ್ಷೇಪಣೆ ಕೇಳುವುದು ತಂತ್ರಜ್ಞಾನದಷ್ಟೇ ಮುಖ್ಯ.

ಓದುಗರ ಗಮನಕ್ಕೆ

ನಗರದಲ್ಲಿ ನೆಲೆಸಿ ಊರಿನಲ್ಲಿ ಆಸ್ತಿ ಉಳಿಸಿಕೊಂಡಿರುವವರು ಕೆಲವು ವಿಷಯಗಳನ್ನು ಪರಿಶೀಲಿಸಿಕೊಳ್ಳುವುದು ಒಳಿತು. ಪಹಣಿಯ ವಿಸ್ತೀರ್ಣ ಹಾಗೂ ಸರ್ವೆ ನಕ್ಷೆಯ ವಿಸ್ತೀರ್ಣ ತಾಳೆಯಾಗುತ್ತಿವೆಯೇ? ದಾಖಲೆಯಲ್ಲಿ ಜಿಲ್ಲೆ, ತಾಲ್ಲೂಕು, ಹೋಬಳಿಯ ಹೆಸರು ಇಂದಿನದೇ? ಊರಿನ ಮನೆಗೆ ಇ-ಸ್ವತ್ತಿನಲ್ಲಿ ಸಂಖ್ಯೆಯಿದೆಯೇ? ಸ್ವಾಮಿತ್ವ ಸಮೀಕ್ಷೆ ನಡೆದಿದ್ದರೆ ಕರಡು ನಕ್ಷೆಯಲ್ಲಿ ಮನೆಯ ಗಡಿ ಸರಿಯಾಗಿದೆಯೇ? ವ್ಯತ್ಯಾಸ ಕಂಡುಬಂದಲ್ಲಿ ಆಕ್ಷೇಪಣೆಯ ಅವಧಿಯೊಳಗೆ ಲಿಖಿತ ಅರ್ಜಿ ಸಲ್ಲಿಸಿ ಸ್ವೀಕೃತಿ ಪಡೆಯಬೇಕು. ಒಂದು ಕಚೇರಿಯ ನಕ್ಷೆಯಲ್ಲಿ ಉಳಿದ ತಪ್ಪು, ಹಂಚಿಕೆಯಾದ ಮೇಲೆ ಎಲ್ಲ ಕಚೇರಿಗಳ ತಪ್ಪಾಗುತ್ತದೆ ಎಂಬುದು ನೆನಪಿನಲ್ಲಿರಲಿ.